ಗೋಡೆಯಾಚೆಯ ಕರಾವಳಿ

ಬ್ಹೋ… ಓ… ಓಂ.

ಗೋಡೆಯ ಆಚೆಯಿಂದ ಆ ಸದ್ದು ಬರುವ ಹೊತ್ತಿಗೆ ನಾನು ಸಾಮಾನ್ಯವಾಗಿ ಸೆಮಿಕೋಲನ್ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂದು ಪಾಠ ಮಾಡುತ್ತಿರುತ್ತಿದ್ದೆ. ಹೊಸ ಮಕ್ಕಳು ಬೆಚ್ಚಿ ತಲೆ ಎತ್ತುತ್ತಿದ್ದರು. ಕೆಲವರಿಗೆ ಅದು ಆನೆ, ಕೆಲವರಿಗೆ ಫ್ಯಾಕ್ಟರಿಯ ಸೈರನ್. ಒಬ್ಬಳಂತೂ ಫೈರ್ ಡ್ರಿಲ್ ಎಂದುಕೊಂಡು ಬ್ಯಾಗು ಹೆಗಲಿಗೇರಿಸಿ ಬಾಗಿಲವರೆಗೆ ಹೋಗಿದ್ದಳು. "ನಥಿಂಗ್, ಮೈ ಡಿಯರ್," ಎನ್ನುತ್ತಿದ್ದೆ ನಾನು. "ಪಕ್ಕದ ಕ್ಲಾಸಿನಲ್ಲಿ ಮಂಜು ಬಿದ್ದಿದೆ. ಸಿಟ್ ಡೌನ್."

ಪಕ್ಕದ ಕ್ಲಾಸಿನಲ್ಲಿ ನಿಜಕ್ಕೂ ಮಂಜು ಬಿದ್ದಿರುತ್ತಿತ್ತು. ಕಿಟಕಿಯ ಹೊರಗೆ ಮಲೇಷ್ಯಾದ ನಿಲಾಯ್‌ನ ಸುಡುಬಿಸಿಲು, ತಾಳೆ ಎಣ್ಣೆಯ ಮರಗಳು, ಏರ್‌ಪೋರ್ಟಿಗೆ ಇಳಿಯುವ ವಿಮಾನಗಳು. ಒಳಗೆ ಅಟ್ಲಾಂಟಿಕ್ ಸಮುದ್ರದ ಅಂಚಿನಲ್ಲಿ, ಏನೂ ಕಾಣದ ಬೆಳಗಿನಲ್ಲಿ, ಒಂದು ದೀಪಸ್ತಂಭದ ಹಾರ್ನು ದೋಣಿಗಳನ್ನು ಎಚ್ಚರಿಸುತ್ತಿತ್ತು. ಆ ಹಾರ್ನು ಅರುವತ್ತು ದಾಟಿದ, ಸೊಂಟಕ್ಕಿಂತ ಸ್ವಲ್ಪ ಮೇಲೆಯೇ ಪ್ಯಾಂಟು ಕಟ್ಟುವ, ಸಾಕ್ಸಿನ ಮೇಲೆ ಚಪ್ಪಲಿ ಹಾಕುವ ನಮ್ಮ ಕುಮಟೆಯ ಮೇಷ್ಟರು.

ಹೋದ ತಿಂಗಳು ಅವರ ತಂಗಿಯ ಮಗ ನಮ್ಮ ಹಳೆಯ ಸ್ಟಾಫ್ ಗ್ರೂಪಿಗೆ ಮೆಸೇಜು ಹಾಕಿದ. ಕುಮಟೆಯಲ್ಲಿ, ಊಟ ಮುಗಿಸಿ ಮಲಗಿದವರು ಏಳಲಿಲ್ಲವಂತೆ. ಗ್ರೂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಒಬ್ಬರು "ವಾಕಿಂಗ್ ಎನ್‌ಸೈಕ್ಲೋಪೀಡಿಯಾ" ಎಂದು ಬರೆದರು. ಅಷ್ಟು ದುಃಖದಲ್ಲೂ ನನಗೆ ನಗು ಬಂತು. ಎನ್‌ಸೈಕ್ಲೋಪೀಡಿಯಾ ಎಂದರೆ ಎ ಇಂದ ಝಡ್ ತನಕ ಇರಬೇಕಲ್ಲವೇ? ಇವರಲ್ಲಿ ಇದ್ದದ್ದು ಎಂ ಅಕ್ಷರದ ಒಂದೇ ಒಂದು ಎಂಟ್ರಿ: ಮೇನ್. ಅಮೆರಿಕದ ಭೂಪಟದಲ್ಲಿ ಬಲಗಡೆ ಮೇಲಿನ ಮೂಲೆಯಲ್ಲಿ ಕೆನಡಾದ ಹೊಟ್ಟೆಗೆ ತಲೆ ತುರುಕಿಕೊಂಡು ಕೂತಿರುವ ರಾಜ್ಯ.

ನಮ್ಮ ಕಾಲೇಜಿನ ವ್ಯವಸ್ಥೆ ಹೀಗಿತ್ತು. ಮಕ್ಕಳು ಎರಡು ವರ್ಷ ಇಲ್ಲಿ ನಿಲಾಯ್‌ನಲ್ಲಿ ಓದಬೇಕು, ಉಳಿದ ಎರಡು ವರ್ಷ ಮೇನ್ ರಾಜ್ಯದ ಒಂದು ಕಾಲೇಜಿಗೆ ಹೋಗಿ ಡಿಗ್ರಿ ಮುಗಿಸಬೇಕು. ಹೋಗುವ ಮುಂಚೆ ಹೋಗುವ ಊರಿನ ನೆಲ, ಚರಿತ್ರೆ, ಜನ ಇವುಗಳ ಬಗ್ಗೆ ಒಂದು ಸೆಮಿಸ್ಟರಿನ ಪಾಠ. ಅದಕ್ಕೆ ಬರಬೇಕಾಗಿದ್ದ ಅಮೆರಿಕನ್ ಕೊನೆಯ ಗಳಿಗೆಯಲ್ಲಿ ಬರಲಿಲ್ಲ. ನಮ್ಮ ಕೋಆರ್ಡಿನೇಟರ್ ಪಕ್ಕದ ಊರು ಸೆರೆಂಬಾನ್ ಕಡೆಯ ತಮಿಳು ಹೆಂಗಸು, ತುಂಬಾ ಪ್ರಾಕ್ಟಿಕಲ್. ಸ್ಟಾಫ್‌ರೂಮಿನಲ್ಲಿ ಸುತ್ತ ನೋಡಿದಳು. ಕುಮಟೆಯವರು ಆಗ ಸಾಮಾನ್ಯ ಭೂಗೋಳ ಕಲಿಸುತ್ತಿದ್ದರು. ಟಿಫಿನ್ ಡಬ್ಬಿ ತೆರೆದು ಅವಲಕ್ಕಿ ತಿನ್ನುತ್ತಿದ್ದರು.

"ಯು ಕೋಸ್ಟ್ ಮ್ಯಾನ್, ವಾಟ್," ಎಂದಳು. "ದಿಸ್ ಆಲ್ಸೋ ಕೋಸ್ಟ್. ಯು ಟೇಕ್ ಲಾ."

ಆ ಲಾ ಮಲೇಷ್ಯಾದ ಮಾತಿನ ಬಾಲ, ಅರ್ಥವಿಲ್ಲ. ಅವರ ಮೇನ್ ಶುರುವಾದದ್ದು ಹೀಗೆ, ಅವಲಕ್ಕಿಯ ಡಬ್ಬಿಯ ಪಕ್ಕದಲ್ಲಿ. ಕರಾವಳಿಯವನಿಗೆ ಕರಾವಳಿ. ಆ ಲೆಕ್ಕದಲ್ಲಿ ಮೈಸೂರಿನವಳಾದ ನನಗೆ ಯಾವುದಾದರೂ ಅರಮನೆಯಿರುವ ದೇಶ ಕೊಡಬೇಕಾಗಿತ್ತು. ನನಗೆ ಸಿಕ್ಕಿದ್ದು ಸೆಮಿಕೋಲನ್.

ಅವರು ಆ ಕೆಲಸವನ್ನು ತೆಗೆದುಕೊಂಡ ರೀತಿ ಮಾತ್ರ ನೋಡುವಂತಿತ್ತು. ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್ಸ್ ಇಂಗ್ಲೆಂಡಿನ ನದಿಗಳನ್ನು ರಾಗವಾಗಿ ಹಾಡಿಸಿ ಬಾಯಿಪಾಠ ಮಾಡಿಸುತ್ತಿದ್ದರು. ನನಗೆ ಈಗಲೂ ಟ್ರೆಂಟ್ ಎಂದರೆ ಒಂದು ಸ್ವರ, ಅಷ್ಟೆ. ಇವರದು ಬೇರೆ ದಾರಿ. ಇವರು ಆ ರಾಜ್ಯಕ್ಕೆ ಬಾಡಿಗೆಗೆ ಹೋದವರ ಹಾಗೆ ಮೂಲೆಮೂಲೆ ತಡವಿದರು. ಯಾವ ರಸ್ತೆ ಹಿಮ ಕರಗುವಾಗ ಕೆಸರಾಗುತ್ತದೆ, ಯಾವ ಊರಿನಲ್ಲಿ ಸಾರ್ಡೀನ್ ಮೀನಿನ ಡಬ್ಬಿ ಮಾಡುವ ಕಾರ್ಖಾನೆ ಮುಚ್ಚಿತು, ಯಾವ ನದಿಯಲ್ಲಿ ಮರದ ದಿಮ್ಮಿಗಳನ್ನು ತೇಲಿಸಿ ತರುತ್ತಿದ್ದರು, ಎಲ್ಲ ಗೊತ್ತು. ನಿಲಾಯ್‌ನಲ್ಲಿ ಪೋಸ್ಟಾಫೀಸು ಎಲ್ಲಿದೆ ಎಂದು ಮಾತ್ರ ನನ್ನನ್ನೇ ಕೇಳುತ್ತಿದ್ದರು.

ಒಂದು ದಿನ ಸ್ಟಾಫ್‌ರೂಮಿನಲ್ಲಿ ಎಲ್ಲರ ಎದುರು ಹೇಳಿದರು, "ಮೇಡಂ, ನಿಮ್ಮದೊಂದು ಸೀರೆ ಬೇಕಿತ್ತು."

ಸುತ್ತಲಿನ ಮುಖಗಳೆಲ್ಲ ನಮ್ಮ ಕಡೆ ತಿರುಗಿದವು. ಅಕೌಂಟಿಂಗ್ ಕಲಿಸುವ ಚೀನೀ ಹುಡುಗಿಗೆ ಕನ್ನಡ ಬರುವುದಿಲ್ಲ, ಆದರೂ ಅವಳು ಕೂಡ ತಲೆ ಎತ್ತಿದಳು.

"ಎಂತ ಇಲ್ಲ, ಕೋಸ್ಟ್‌ಲೈನಿಗೆ," ಎಂದರು ಗಾಬರಿಯಾಗಿ. "ನೀಲಿ ಆದ್ರೆ ಒಳ್ಳೇದು."

ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನಲ್ಲಿ ಕೊಂಡಿದ್ದ ನನ್ನ ನೀಲಿ ಕಾಟನ್ ಸೀರೆ ಮರುದಿನ ಅವರ ಕ್ಲಾಸಿಗೆ ಹೋಯಿತು. ಆಮೇಲೆ ಮಕ್ಕಳು ಹೇಳಿದರು: ಸೀರೆಯನ್ನು ನೆರಿಗೆ ಹಿಡಿದು ಮೇಜಿನ ಮೇಲಿಟ್ಟರಂತೆ. ಎಷ್ಟು ಅಗಲ ಎಂದು ಕೇಳಿದರಂತೆ. ಒಂದು ಗೇಣು. ಆಮೇಲೆ ಇಬ್ಬರು ಮಕ್ಕಳಿಗೆ ಎರಡು ತುದಿ ಕೊಟ್ಟು ಬಿಚ್ಚುತ್ತಾ ಹೋಗಿ ಎಂದರಂತೆ. ಒಬ್ಬಳು ಬಾಗಿಲು ದಾಟಿ ಕಾರಿಡಾರಿಗೆ ಬಂದರೂ ಸೀರೆ ಮುಗಿಯಲಿಲ್ಲ. ಮೇನ್‌ನ ಕರಾವಳಿಯನ್ನು ನೆಟ್ಟಗೆ ಅಳೆದರೆ ಚಿಕ್ಕದು. ಆದರೆ ಅಷ್ಟೂ ಕೊಲ್ಲಿ, ಅಳಿವೆ, ದ್ವೀಪಗಳ ಅಂಚು ಹಿಡಿದು ನಡೆದರೆ ಕ್ಯಾಲಿಫೋರ್ನಿಯಾದ ಕರಾವಳಿಯನ್ನೂ ಮೀರಿಸುತ್ತದೆ. ಇದನ್ನು ಆ ಮಕ್ಕಳು ಸಾಯುವ ತನಕ ಮರೆಯಲಾರರು. ನಾನೂ ಮರೆಯಲಾರೆ. ಸೀರೆ ವಾಪಸ್ ಬಂದಾಗ ಅದರ ಮೇಲೆ ಮಾರ್ಕರ್ ಪೆನ್ನಿನ ಒಂದು ಚುಕ್ಕೆ ಇತ್ತು.

"ಇದೇನು ಸರ್?"

"ಅದು ದ್ವೀಪ ಮೇಡಂ. ದೊಡ್ಡದು. ಬಿಡೂದಕ್ಕೆ ಮನಸ್ಸಾಗಲಿಲ್ಲ."

ಆ ದ್ವೀಪ ಎಷ್ಟು ಒಗೆದರೂ ಹೋಗಲಿಲ್ಲ. ಉಟ್ಟಾಗ ನೆರಿಗೆಯ ಒಳಗೆ ಸೇರಿಸಿಕೊಳ್ಳುತ್ತೇನೆ.

ಚಳಿಗಾಲದ ಪಾಠದ ದಿನ ಏಸಿಯನ್ನು ಕೊನೆಯ ತನಕ ಇಳಿಸಿ, ಮಂಕಿ ಕ್ಯಾಪ್ ಹಾಕಿಕೊಂಡು ಕಾರಿಡಾರಿನಲ್ಲಿ ನಡೆದು ಬರುವರು. ಹೊರಗೆ ಡಾಂಬರು ಕರಗುತ್ತಿರುತ್ತಿತ್ತು. ಚರಿತ್ರೆಯ ಪಾಠದಲ್ಲಿ ಕೆನಡಾ ಗಡಿಯ ಒಂದು ಯುದ್ಧ ಅವರಿಗೆ ಬಹಳ ಪ್ರೀತಿ. ಸೈನ್ಯ ಹೊರಟಿತು, ಕಾಡಿನಲ್ಲಿ ಚಳಿ ಹೊಡೆಯಿತು, ಎರಡೂ ಕಡೆಯವರು ಮಾತಾಡಿಕೊಂಡು ಗಡಿ ಹಾಕಿಕೊಂಡರು. ಕಾಳಗ ಅಂತ ಒಂದೂ ಆಗಲಿಲ್ಲ. "ನಮ್ಮ ಸ್ಟಾಫ್ ಮೀಟಿಂಗಿನಲ್ಲಿ ಇದಕ್ಕಿಂತ ಜಾಸ್ತಿ ಗಾಯ ಆಗ್ತದೆ" ಎನ್ನುವರು. ಆದರೆ ಒಂದು ವಿಷಯದಲ್ಲಿ ತಮಾಷೆ ಇರಲಿಲ್ಲ. ಆ ರಾಜ್ಯ ಹೇಗೆ ಹುಟ್ಟಿತು ಎಂದು ಕೇಳಿದರೆ, ಬೇರೆಯವರಾದರೆ ಮ್ಯಾಸಚೂಸೆಟ್ಸ್‌ನಿಂದ ಬೇರೆಯಾದದ್ದು, ಗುಲಾಮಗಿರಿ ಇರುವ ಮಿಸೌರಿಗೆ ಸರಿಜೋಡಿಯಾಗಿ ಗುಲಾಮಗಿರಿ ಇಲ್ಲದ ಮೇನ್‌ಅನ್ನು ಸೇರಿಸಿಕೊಂಡದ್ದು, ಅಲ್ಲಿಂದ ಶುರು ಮಾಡುತ್ತಾರೆ. ಇವರು ಅಲ್ಲಿಯ ಮೂಲನಿವಾಸಿಗಳಾದ ವಬನಾಕಿ ಜನರಿಂದ ಶುರು ಮಾಡುವರು. ಸೂರ್ಯ ಮೊದಲು ಹುಟ್ಟುವ ನಾಡಿನವರು ಎಂದು ಆ ಹೆಸರಿನ ಅರ್ಥ. "ಅವರು ಈಗಲೂ ಅಲ್ಲೇ ಇದ್ದಾರೆ. ಹೋದ ಮೇಲೆ ಅವರನ್ನು ಮ್ಯೂಸಿಯಮ್ಮಿನಲ್ಲಿ ಹುಡುಕಬೇಡಿ" ಎಂದು ಮಕ್ಕಳಿಗೆ ಗದರುವರು.

ಊಟದ ವಿಷಯ ಹೇಳಬಾರದು, ಆದರೂ ಹೇಳುತ್ತೇನೆ. ಮೊಟ್ಟೆಯನ್ನೂ ಮುಟ್ಟದ ಹವ್ಯಕ ಬ್ರಾಹ್ಮಣರು ಲಾಬ್‌ಸ್ಟರಿನ ಬಗ್ಗೆ ಎರಡು ಇಡೀ ಕ್ಲಾಸು ತೆಗೆದುಕೊಳ್ಳುತ್ತಿದ್ದರು. ಬೋನು ಹೇಗೆ, ಕಚ್ಚದ ಹಾಗೆ ಕೊಂಡಿಗೆ ರಬ್ಬರು ಹಾಕುವುದು ಹೇಗೆ, ಬೇಯಿಸುವ ನೀರಿಗೆ ಉಪ್ಪೆಷ್ಟು. ಹೇಳಿ ಮುಗಿಸಿ ಬಂದು ಕೈ ತೊಳೆದುಕೊಳ್ಳುವರು.

"ಮುಟ್ಟಿಯೇ ಇಲ್ವಲ್ಲ ಸರ್, ಏನು ತೊಳೀತೀರಿ?" ಎಂದರೆ, "ವಿಷಯ ಮುಟ್ಟಿದ್ದೇನಲ್ಲ" ಎನ್ನುವರು.

ಅವರ ಕೈಯೇ ಅವರ ಭೂಪಟ. ಬಲಗೈಯ ಬೆರಳು ಅಗಲಿಸಿ ನೆಲದ ಕಡೆ ಚಾಚಿ, "ಇವು ನೆಲ, ನಡುವೆ ಇರೂದು ಸಮುದ್ರ" ಎಂದು ಕರಾವಳಿ ತೋರಿಸುವ ಅಭ್ಯಾಸ. ಸ್ಟೇಷನ್ನಿನ ಬಳಿ ತಮಿಳು ಮುಸ್ಲಿಮರು ನಡೆಸುವ ಮಾಮಕ್ ಅಂಗಡಿಯಲ್ಲಿ, ನಾವು ಟೀ ಕುಡಿಯಲು ಕೂತಿದ್ದಾಗ, ಹೀಗೇ ಕೈ ಚಾಚಿ ವಿವರಿಸುತ್ತಿದ್ದರು. ಅಂಗಡಿಯವನು ದೂರದಿಂದ ನೋಡಿ ತಲೆಯಾಡಿಸಿ ಐದು ಬೆರಳಿಗೆ ಐದು ರೋಟಿ ಚನಾಯ್, ಅಂದರೆ ಅಲ್ಲಿಯ ಪರೋಟ, ತಂದಿಟ್ಟ. ಬಿಡಲಾಗದೆ ತಿಂದೆವು. ಅವತ್ತಿನಿಂದ ಆ ಅಂಗಡಿಯಲ್ಲಿ ಅವರು ಭೂಗೋಳ ಮಾತಾಡುವಾಗ ಎರಡೂ ಕೈ ಮೇಜಿನ ಕೆಳಗೆ.

ಇಷ್ಟು ಹೇಳಿದ ಮೇಲೆ ಆ ಒಂದು ವಿಷಯಕ್ಕೆ ಬರಬೇಕು. ಕುಮಟೆಯವರು ಮೇನ್‌ಗೆ ಹೋಗಿರಲಿಲ್ಲ. ಮೇನ್ ಬಿಡಿ, ಅಮೆರಿಕಕ್ಕೇ ಹೋಗಿರಲಿಲ್ಲ. ಕುಮಟೆ, ಧಾರವಾಡ, ಆಮೇಲೆ ಮಲೇಷ್ಯಾ. ಅಷ್ಟೇ ಅವರು ನೋಡಿದ ಪ್ರಪಂಚ.

ಕಾಲೇಜಿನಲ್ಲಿ ಎಲ್ಲರೂ ಅವರು ಅಲ್ಲಿ ಓದಿ ಬಂದವರೆಂದೇ ನಂಬಿದ್ದರು. ಅವರು ಹಾಗೆಂದು ಹೇಳಿಕೊಂಡವರಲ್ಲ. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನನಗೆ ಗೊತ್ತಾದದ್ದು ಸ್ಟಾಫ್ ಟ್ರಿಪ್ಪಿಗೆ ಪೆನಾಂಗಿಗೆ ಹೋದಾಗ. ಫೆರಿ ಹತ್ತಿ ಇನ್ನೂ ದಡ ಸರಿಯಾಗಿ ಬಿಟ್ಟಿರಲಿಲ್ಲ, ಇವರು ಮುಖ ಹಸಿರು ಮಾಡಿಕೊಂಡು ನಿಂಬೆಹಣ್ಣು ಮೂಸುತ್ತಾ ನನ್ನ ಪಕ್ಕ ಕುಸಿದರು.

"ಏನ್ ಸರ್, ಅಷ್ಟು ದ್ವೀಪ ಸುತ್ತಿದವರು, ಇಷ್ಟು ನೀರಿಗೆ ಹೀಗಾ?" ಎಂದೆ.

"ಸುತ್ತಿದ್ರಲ್ವಾ ಮೇಡಂ ಅಭ್ಯಾಸ ಆಗೂದು," ಎಂದರು, ಕಣ್ಣು ಮುಚ್ಚಿಕೊಂಡೇ.

ನಾನು ಮುಂದೆ ಕೇಳಲಿಲ್ಲ. ನಿಂಬೆಹಣ್ಣನ್ನು ಇನ್ನೊಮ್ಮೆ ಮೂಸಿ ಅವರೇ ಹೇಳಿದರು. "ಕೇಳಿದ್ರೆ ಸುಳ್ಳು ಹೇಳೂದಿಲ್ಲ. ಆದ್ರೆ ಕೇಳಿದ ದಿನ ಈ ಕ್ಲಾಸು ಹೋಗ್ತದೆ. ಕಾಣದ ಊರಿನ ಪಾಠ ಯಾರು ಕೇಳ್ತಾರೆ?" ಒಂದು ರಾಜ್ಯವನ್ನೇ ಕಳೆದುಕೊಳ್ಳುವ ಭಯ ಆ ಮನುಷ್ಯನಿಗೆ. ಬೇರೆಯವರಿಗೆ ಮನೆ, ಸೈಟು ಹೋಗುವ ಭಯವಿದ್ದ ಹಾಗೆ. ಪೆನಾಂಗ್ ದಡ ಮುಟ್ಟುವ ತನಕ ನಾನು ಅವರಿಗೆ ಬೀಸಣಿಗೆ ಹಿಡಿದೆ.

ಕೇಳುವ ದಿನ ಬಂದದ್ದು ಶಾಹೀನಳ ಅಪ್ಪನ ರೂಪದಲ್ಲಿ.

ಅವರು ಪೆನಾಂಗಿನ ಬಯಾನ್ ಲೆಪಾಸ್‌ನ ಒಂದು ಚಿಪ್ ಫ್ಯಾಕ್ಟರಿಯಲ್ಲಿ ಎಂಜಿನಿಯರ್. ಮೂಲ ಹುಬ್ಬಳ್ಳಿ. ಹೆಂಡತಿ ಹೊನ್ನಾವರದ ಕಡೆಯವರು. ಒಬ್ಬಳೇ ಮಗಳು. ಅವಳು ನನ್ನ ಕ್ಲಾಸಿನಲ್ಲಿ ಮುಂದಿನ ಸಾಲಿನವಳು, ಸೆಮಿಕೋಲನ್ನನ್ನು ಸರಿಯಾದ ಜಾಗದಲ್ಲಿ ಹಾಕುವ ಅಪರೂಪದ ಜೀವ. ಆ ವರ್ಷ ಹೊರಡಬೇಕಾದವಳು. ಪೇರೆಂಟ್ಸ್ ಮೀಟಿಂಗಿನ ದಿನ ಅಪ್ಪ, ಅಮ್ಮ ಪೆನಾಂಗಿನಿಂದ ಕಾರಿನಲ್ಲಿ ಬಂದರು, ಹಾಸ್ಟೆಲಿನಿಂದ ಮಗಳೂ ಬಂದು ಸೇರಿದಳು. ಕನ್ನಡದವರೆಂದು ಕೋಆರ್ಡಿನೇಟರ್ ಅವರನ್ನು ನಮ್ಮಿಬ್ಬರ ಮುಂದೆ ಕೂರಿಸಿ, ತಾನೂ ಪಕ್ಕದಲ್ಲೇ ನಿಂತಳು.

ಅಪ್ಪ ಕುರ್ಚಿಯಲ್ಲಿ ಕೂತವರೇ ಕೇಳಿದರು, "ಸರ, ನೀವು ಅಲ್ಲೆ ಎಷ್ಟ್ ವರ್ಷ ಇದ್ರಿ?"

ನಾನು ನನ್ನ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ನೋಡಿದೆ. ಕುಮಟೆಯವರು ಜೇಬಿನ ಎರಡು ಪೆನ್ನುಗಳನ್ನು ಸರಿ ಮಾಡಿಕೊಂಡರು.

"ನಾನು ಅಲ್ಲಿಗೆ ಹೋಗಿಲ್ಲ," ಎಂದರು.

"ಅಲ್ಲ, ಮೇನ್‌ಗಂತ ಅಲ್ರಿ. ಅಮೆರಿಕಾಕ್ಕ."

"ಅಮೆರಿಕಕ್ಕೂ ಹೋಗಿಲ್ಲ."

ಕೋಆರ್ಡಿನೇಟರಿಗೆ ಕನ್ನಡ ಬಾರದು, ಆದರೆ ತಮಿಳಿನವಳು; ಇಷ್ಟು ಅರ್ಥವಾಗದೆ ಇರುತ್ತದೆಯೇ? ಅವಳ ಹುಬ್ಬು ಮೇಲೆ ಹೋದದ್ದು ಕೆಳಗೆ ಬರಲಿಲ್ಲ.

ಅಪ್ಪ ಹೆಂಡತಿಯನ್ನು ನೋಡಿದರು, ಮಗಳನ್ನು ನೋಡಿದರು, ಮತ್ತೆ ಇವರನ್ನು ನೋಡಿದರು. "ಫೋನಿನ್ಯಾಗ ದಿನಾ ನಿಮ್ಮದ ಮಾತು. ಸರ್ ಹಂಗ ಅಂದ್ರು, ಸರ್ ಹಿಂಗ ಅಂದ್ರು. ಅಷ್ಟೂ ನೋಡ್ಲಾರದ ಹೇಳಿದ್ದೇನ್ರಿ? ನೀವ ನೋಡದ ಊರಿಗೆ ನನ್ನ ಮಗಳ್ನ ಕಳಸು ಅಂತೀರಿ."

"ಅಬ್ಬಾ, ಪ್ಲೀಸ್ ಲಾ," ಎಂದಳು ಶಾಹೀನ್ ನೆಲ ನೋಡುತ್ತಾ. "ಡೋಂಟ್ ಇಂಟರ್‌ವ್ಯೂ ಹಿಮ್."

"ಸುಮ್ಮನಿರವಾ. ಇಂಟರ್‌ವ್ಯೂ ಈಗ ಚಾಲೂ ಆಗ್ತೈತಿ."

ಆಮೇಲೆ ನಡೆದದ್ದನ್ನು ನಾನು ಪರೀಕ್ಷೆ ಎನ್ನಲೇ, ಕುಸ್ತಿ ಎನ್ನಲೇ ತಿಳಿಯದು. ಹುಬ್ಬಳ್ಳಿಯವರು ಎಂಜಿನಿಯರ್; ಒಂದೊಂದೇ ಬೋಲ್ಟು ಬಿಚ್ಚಿ ನೋಡುವ ಹಾಗೆ ಕೇಳಿದರು. ಹಿಮ ಎಷ್ಟು ತಿಂಗಳು ಬೀಳುತ್ತದೆ, ಬಿದ್ದಾಗ ಹುಡುಗಿ ಹಾಸ್ಟೆಲಿನಿಂದ ಕ್ಲಾಸಿಗೆ ಹೇಗೆ ಹೋಗುತ್ತಾಳೆ, ಕರೆಂಟು ಹೋದರೆ ಏನು. ಇವರು ಹೇಳುತ್ತಾ ಹೋದರು. ಜನ ಎಂಥವರು? ಇಡೀ ರಾಜ್ಯವನ್ನು ಒಟ್ಟು ಮಾಡಿದರೂ ಕೌಲಾಲಂಪುರದಷ್ಟು ಜನರಿಲ್ಲ. ಹೆಚ್ಚಿನವರು ಬಿಳಿಯರು, ಹೆಚ್ಚಿನವರು ವಯಸ್ಸಾದವರು, ಅಮೆರಿಕದಲ್ಲೇ ಎಲ್ಲಕ್ಕಿಂತ ವಯಸ್ಸಾದ ರಾಜ್ಯ. ಈ ಮಾತು ಬಂದಾಗ ಕುಮಟೆಯವರು ನನ್ನ ಕಡೆ ತಿರುಗಿದರು. ಸ್ಟಾಫ್‌ರೂಮಿನ ಅವರ ಹಳೆಯ ಜೋಕು ನಾಲಿಗೆಯ ತುದಿಗೆ ಬಂದಿತ್ತು. "ನಾವಿಬ್ರೂ ಹೋದ್ರೆ ಯಾರಿಗೂ ಗೊತ್ತಾಗೂದಿಲ್ಲ ಮೇಡಂ, ಸರಾಸರಿ ಒಳಗೇ ಇರ್ತೇವೆ" ಎಂಬುದು ಆ ಜೋಕು. ಅವತ್ತು ನುಂಗಿಕೊಂಡರು.

"ನಮ್ಮ ಮಂದಿ?" ಎಂದರು ಅಪ್ಪ. "ಮಸೀದಿ, ಹಲಾಲ್ ಮಟನ್?"

"ಕಾಲೇಜಿನ ಊರಲ್ಲಿ ಇಲ್ಲ. ಬಸ್ಸಿನಲ್ಲಿ ಹೋದ್ರೆ ಒಂದು ಊರು ಸಿಗ್ತದೆ. ಹಳೇ ಬಟ್ಟೆ ಗಿರಣಿಗಳ ಊರು, ಗಿರಣಿ ಮುಚ್ಚಿ ಅರ್ಧ ಖಾಲಿಯಾಗಿತ್ತು. ಅಲ್ಲಿಗೆ ಸೊಮಾಲಿಯಾದಿಂದ ತುಂಬ ಕುಟುಂಬಗಳು ಬಂದು ನೆಲೆ ನಿಂತಿವೆ. ಮುಖ್ಯ ರಸ್ತೆಯಲ್ಲೇ ಹಲಾಲ್ ಅಂಗಡಿಗಳಿವೆ, ಮಸೀದಿ ಇದೆ. ಬಂದ ಹೊಸದರಲ್ಲಿ ಅವರನ್ನು ಬೇಡ ಅಂದವರೂ ಇದ್ದರು. ಅದನ್ನೂ ಹೇಳ್ಬೇಕು."

ಅಪ್ಪ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ಪೆನಾಂಗಿನ್ಯಾಗ ಒಬ್ಬ ಏಜೆಂಟ್ ಸಿಕ್ಕಿದ್ದ್ರಿ. ಅಲ್ಲೆ ಹೋಗಿ ಬಂದಾವ. ಏನ್ ಕೇಳಿದ್ರೂ ಫಸ್ಟ್ ಕ್ಲಾಸ್ ಅಂತಿದ್ದ. ಚಳಿ ಹೆಂಗ? ಫಸ್ಟ್ ಕ್ಲಾಸ್. ಮಂದಿ ಹೆಂಗ? ಫಸ್ಟ್ ಕ್ಲಾಸ್." ಹೇಳುತ್ತಾ ಅವರಿಗೇ ನಗು ಬಂತು, ಆದರೆ ತಡೆದುಕೊಂಡರು.

ಈಗ ಅಮ್ಮ ಕೇಳಿದರು, "ಸರ್, ಆ ಏಡಿ ಥರದ್ದು, ಲಾಬ್‌ಸ್ಟರು, ಅದರ ಬಾಲಕ್ಕೆ ಕಚ್ಚು ಹಾಕ್ತಾರೆ ಅಂತ ಮಗಳು ಹೇಳ್ತಿದ್ಲು. ನಿಜವಾ?"

"ನಿಜ. ಮೊಟ್ಟೆ ಹೊತ್ತ ಹೆಣ್ಣು ಬೋನಿಗೆ ಬಿದ್ರೆ, ಬಾಲದಲ್ಲಿ ಸಣ್ಣ ಕಚ್ಚು ಮಾಡಿ ನೀರಿಗೆ ಬಿಡ್ತಾರೆ. ಆ ಗುರುತು ಇರೋ ತನಕ, ಮೊಟ್ಟೆ ಇರ್ಲಿ ಇಲ್ದಿರ್ಲಿ, ಬೇರೆ ಯಾವ ದೋಣಿಯವನೂ ಅದನ್ನು ಇಟ್ಕೊಳ್ಳೂ ಹಾಗಿಲ್ಲ."

"ಯಾರೂ ನೋಡದೇ ಇದ್ದಾಗ್ಲೂ ಬಿಡ್ತಾರಾ?"

"ಬಿಡ್ತಾರೆ ಅಂತ ಓದಿದ್ದೇನೆ. ನೋಡಿಲ್ಲ."

ಹೊನ್ನಾವರದ ಹೆಂಗಸಿಗೆ ಮೀನು ಹಿಡಿಯುವವರ ವಿಷಯ ಯಾರೂ ಹೇಳಿಕೊಡಬೇಕಿಲ್ಲ. ಅವರು ತಲೆಯಾಡಿಸಿದರು. ಆಮೇಲೆ ಕೊನೆಯ ಪ್ರಶ್ನೆ ಕೇಳಿದರು, ಮೆಲ್ಲಗೆ, ಮಗಳಿಗೆ ಕೇಳದಿರಲಿ ಎಂಬಂತೆ. "ಇವಳು ಅಲ್ಲಿ ಖುಷಿಯಾಗಿರ್ತಾಳಾ ಸರ್?"

"ಅದು ನನಗೆ ಗೊತ್ತಿಲ್ಲ," ಎಂದರು ಕುಮಟೆಯವರು.

ಅವರಿಗೆ ಗೊತ್ತಿಲ್ಲ ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. ಪೋಸ್ಟಾಫೀಸಿನ ವಿಷಯ ಬಿಟ್ಟು.

ಅಮ್ಮ ಎದ್ದು ಸೆರಗು ಸರಿ ಮಾಡಿಕೊಂಡರು. ಗಂಡನಿಗೆ ಹೇಳಿದರು, "ನಾನು ಮದುವೆಯಾಗಿ ಮಲೇಷ್ಯಾಕ್ಕೆ ಬರುವಾಗ ನೀವು ಫಸ್ಟ್ ಕ್ಲಾಸ್ ಅಂದಿದ್ರಿ. ಇವರು ಹಾಗೆ ಹೇಳ್ಲಿಲ್ಲ, ಗೊತ್ತಿಲ್ಲ ಅಂದ್ರು. ಹೋಗ್ಲಿ ಬಿಡಿ ಅವಳು."

ಹುಬ್ಬಳ್ಳಿಯವರು ಅಮೆರಿಕಕ್ಕೆ ಸಿದ್ಧರಾಗಿ ಬಂದಿದ್ದರು, ಈ ಉತ್ತರಕ್ಕೆ ಸಿದ್ಧರಾಗಿರಲಿಲ್ಲ. ಎದ್ದು ನಿಂತು ಕುಮಟೆಯವರ ಕೈ ಕುಲುಕಿದರು. "ಆತ್ರಿ ಸರ. ಆದ್ರ ಒಂದ ಮಾತು. ನೀವೂ ಒಮ್ಮಿ ಹೋಗಿ ಬರ್ರಿ."

"ದಾರಿಯಲ್ಲಿ ಸಮುದ್ರ ಉಂಟಲ್ಲ," ಎಂದರು ಇವರು.

ಅವರು ಹೋದ ಮೇಲೆ ಕೋಆರ್ಡಿನೇಟರಿನ ಹುಬ್ಬು ಕೊನೆಗೂ ಕೆಳಗಿಳಿಯಿತು. ಇವರು ಅಪರಾಧಿಯಂತೆ ನಿಂತಿದ್ದರು. ಕ್ಲಾಸು ಹೋಯಿತೆಂದೇ ಅವರಿಗೆ ಖಾತ್ರಿ. ಅವಳು ನನ್ನನ್ನು ಕೇಳಿದಳು, "ಸೋ ಹೌ? ದ ಗರ್ಲ್ ಗೋಯಿಂಗ್ ಆರ್ ನಾಟ್?"

"ಗೋಯಿಂಗ್," ಎಂದೆ.

"ದೆನ್ ನೆವರ್ ಮೈಂಡ್ ಲಾ," ಎಂದು ಮುಂದಿನ ಮೇಜಿಗೆ ಹೋದಳು.

ಅವತ್ತು ಮಾಮಕ್ ಅಂಗಡಿಯಲ್ಲಿ ಕುಮಟೆಯವರು ಎರಡೂ ಕೈ ಮೇಜಿನ ಮೇಲಿಟ್ಟರು. ಬಂದಷ್ಟು ರೋಟಿ ಬರಲಿ ಎಂಬ ಧೈರ್ಯ.

ಶಾಹೀನ್ ಹೋದಳು. ಮೊದಲ ಚಳಿಗಾಲ ದಾಟಿ, ಬೇಸಿಗೆಯ ಶುರುವಿನಲ್ಲಿ, ಸರ್‌ಗೆ ಒಂದು ಆಡಿಯೋ ಕಳಿಸಿದಳು. ಸ್ಟಾಫ್‌ರೂಮಿನಲ್ಲಿ ಅವರು ನನ್ನನ್ನು ಕರೆದು ಫೋನನ್ನು ಮೇಜಿನ ಮೇಲಿಟ್ಟರು. ಗಾಳಿಯ ಸದ್ದು. ಆಮೇಲೆ ಅವಳ ದನಿ, ಇಂಗ್ಲಿಷಿನಲ್ಲಿ: ಸರ್, ಎಲ್ಲ ನೀವು ಹೇಳಿದ ಹಾಗೇ ಇದೆ, ಕೆಸರು ಕೂಡ. ಇವತ್ತು ಮಂಜು ಬಿದ್ದಿದೆ, ನಾನು ಗೆಳತಿಯ ಅಪ್ಪನ ದೋಣಿಯಲ್ಲಿದ್ದೇನೆ, ಲಿಸನ್. ನಾವು ಕೇಳಿಸಿಕೊಂಡೆವು. ದೂರದಿಂದ ಬಂದದ್ದು ಬ್ಹೋಂ ಅಲ್ಲ. ಪೀಂ… ಎಂದು ತೆಳ್ಳಗಿನ ಒಂದು ಸದ್ದು. ಕಾರು ರಿವರ್ಸ್ ತೆಗೆದುಕೊಳ್ಳುವಾಗ ಬರುವಂಥದು. ಹಳೆಯ ದೊಡ್ಡ ಹಾರ್ನುಗಳು ಈಗಿಲ್ಲ ಸರ್, ಎಲೆಕ್ಟ್ರಾನಿಕ್, ಎಂದಳು. ಅದು ಕೂಡ ತಾನಾಗಿ ಕೂಗುವುದಿಲ್ಲವಂತೆ. ದೋಣಿಯವರು ತಮ್ಮ ರೇಡಿಯೋದ ಗುಂಡಿಯನ್ನು ಕೆಲವು ಸಲ ಒತ್ತಿ ಕರೆದರೆ ಮಾತ್ರ ಕೂಗುತ್ತದೆ, ಸ್ವಲ್ಪ ಹೊತ್ತಾದ ಮೇಲೆ ಸುಮ್ಮನಾಗುತ್ತದೆ.

ಕುಮಟೆಯವರು ಫೋನು ಎತ್ತಿಕೊಂಡು ಮತ್ತೆ ಕೇಳಿದರು. ಕಿವಿಗೆ ಒತ್ತಿ ಹಿಡಿದು ಇನ್ನೊಮ್ಮೆ ಕೇಳಿದರು. ಟಿಫಿನ್ ಡಬ್ಬಿ ತೆರೆಯದೆ ಚೀಲಕ್ಕೆ ಹಾಕಿದರು.

"ಇಷ್ಟು ವರ್ಷ ತಪ್ಪು ಕೂಗಿದೆ ಮೇಡಂ," ಎಂದರು.

ನಾನು ಏನೋ ಸಮಾಧಾನ ಹೇಳಿದೆ. ಅದು ಅವರಿಗೆ ಮುಟ್ಟಲಿಲ್ಲ.

ಮುಂದಿನ ಸೆಮಿಸ್ಟರಿನಲ್ಲಿ ಮಂಜಿನ ಪಾಠದ ದಿನ ಬಂತು. ನನಗೆ ದಿನ ಗೊತ್ತು. ಸೆಮಿಕೋಲನ್ನಿನ ದಿನವೇ ಅದು. ನಾನು ಬೋರ್ಡಿನ ಮುಂದೆ ನಿಂತು ಕಾದೆ. ಗೋಡೆಯ ಆಚೆ ಸದ್ದಿಲ್ಲ. ಸೆಮಿಕೋಲನ್ ಮುಗಿಯಿತು, ಕೋಲನ್ ಶುರುವಾಯಿತು. ಸದ್ದಿಲ್ಲ. ನಮ್ಮ ಮದರ್ ಸುಪೀರಿಯರ್ ನೋಡಿದ್ದರೆ ನನ್ನ ಕೈಗೆ ರೂಲರಿನಿಂದ ಕೊಡುತ್ತಿದ್ದರು, ಅಂಥ ಚಂಚಲ ಪಾಠ ಮಾಡಿದೆ. ಬೆಲ್ಲು ಹೊಡೆದ ಮೇಲೆ ಕಾರಿಡಾರಿನಲ್ಲಿ ಹಿಡಿದೆ.

"ಏನ್ ಸರ್, ಈ ವರ್ಷ ಮಂಜೇ ಬೀಳ್ಲಿಲ್ವಾ?"

"ಬಿದ್ದಿತ್ತು."

"ಮತ್ತೆ?"

"ಯಾರೂ ಕರೀಲಿಲ್ಲ," ಎಂದರು. "ಕರೆದ್ರೆ ಮಾತ್ರ ಕೂಗ್ಬೇಕಂತಲ್ಲ."

ಅದು ಕೋಪವೋ, ಶಿಸ್ತೋ, ಬರಿಯ ಹಠವೋ, ನನಗೆ ಕೊನೆಗೂ ತಿಳಿಯಲಿಲ್ಲ. ಮಕ್ಕಳಿಗೆ ಹೊಸ ವಿಷಯವನ್ನು ಹೇಳಿದ್ದರು, ಹಳೆಯ ಹಾರ್ನಿನ ಮಾತೇ ಎತ್ತಿರಲಿಲ್ಲ. ಅದರ ಮುಂದಿನ ಸೆಮಿಸ್ಟರಿನಲ್ಲಿ ಆ ದಿನ ಬಂದಾಗ ನಾನು ಪಾಠದ ನಡುವೆ ಡಸ್ಟರ್ ಎತ್ತಿಕೊಂಡು, ಅದರ ಮರದ ಬೆನ್ನಿನಿಂದ ಗೋಡೆಗೆ ಟಕ್ ಟಕ್ ಟಕ್ ಎಂದು ಬಡಿದೆ. ನನ್ನ ಮಕ್ಕಳು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು. ಆಚೆ ಪಾಠ ನಿಂತಿತು. ಆಮೇಲೆ ಪೀಂ… ಎಂದು ಒಂದು ಬಡಕಲು ಸದ್ದು ಬಂತು. ಅವರ ಕ್ಲಾಸು ಗೊಳ್ಳೆಂದಿತು. ಅದು ಅಡಗಿದ ಮೇಲೆ, ತಡವಾಗಿ, ಬ್ಹೋ… ಓ… ಓಂ.

ಆವತ್ತಿನಿಂದ ಅದು ನಮ್ಮಿಬ್ಬರ ವ್ಯವಸ್ಥೆ. ಪ್ರತಿ ಸಲ ನಾನು ಬಡಿಯುವುದು, ಅವರು ಮೊದಲು ಸರಿಯಾದದ್ದು, ಆಮೇಲೆ ತಮ್ಮದು. ಇದರ ಬಗ್ಗೆ ನಾವು ಒಂದು ದಿನವೂ ಮಾತಾಡಿಕೊಳ್ಳಲಿಲ್ಲ.

ಆಮೇಲೆ ಮಕ್ಕಳು ಕಡಿಮೆಯಾದರು, ಪ್ರೋಗ್ರಾಮ್ ನಿಂತಿತು. ನನಗೆ ಬ್ರಿಕ್‌ಫೀಲ್ಡ್ಸ್‌ನ ಫ್ಲಾಟು, ಅವರಿಗೆ ಕುಮಟೆಯ ತಂಗಿಯ ಮನೆ. ಹೊರಡುವ ವಾರ ಮಾಮಕ್ ಅಂಗಡಿಯಲ್ಲಿ ಕೊನೆಯ ಟೀ ಕುಡಿಯೋಣ ಎಂದರು. ನಾನು ಕೊಮ್ಯೂಟರ್ ರೈಲು ಹಿಡಿದು ನಿಲಾಯ್‌ಗೆ ಹೋದೆ. ಅದು ಹೊಗೆಯ ಕಾಲ. ಎಲ್ಲೋ ಸುಟ್ಟ ಕಾಡಿನ ಹೊಗೆ ಸಮುದ್ರ ದಾಟಿ ಬಂದು ಊರಿನ ಮೇಲೆ ಕೂತಿತ್ತು. ಎಲ್ಲರ ಮುಖದ ಮೇಲೆ ಮಾಸ್ಕು, ಕಟ್ಟಡಗಳಿಗೆ ಮೇಲಿನ ಮಹಡಿಗಳೇ ಇಲ್ಲ.

"ಮೇನ್ ಬಂದ ಹಾಗಿದೆ ಸರ್," ಎಂದೆ.

"ಇದು ಹೊಗೆ ಮೇಡಂ. ಮಂಜು ಬೇರೆ," ಎಂದು ವ್ಯತ್ಯಾಸ ವಿವರಿಸಿದರು. ಟೀ ಆರಿತು.

ಅವರಿಗೆ ಸೆರೆಂಬಾನ್‌ನಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕಾಗಿತ್ತು. ಊರಿಗೆ ಹೋಗುವ ಮುಂಚೆ ಎರಡು ಹಲ್ಲು ಕೀಳಿಸಬೇಕಂತೆ. "ಮುಂದಿನ ಹಲ್ಲು ಕೀಳಿಸಿದ್ರೆ ಹಾರ್ನ್ ಹೋಗುತ್ತೆ, ನೋಡ್ಕೊಳ್ಳಿ," ಎಂದೆ. "ಹಿಂದಿನದು, ಹಿಂದಿನದು," ಎಂದರು, ಕೆನ್ನೆ ಮುಟ್ಟಿ ತೋರಿಸುತ್ತಾ. ಅವರ ರೈಲು ಆಚೆಯ ಪ್ಲಾಟ್‌ಫಾರ್ಮಿನಲ್ಲಿ, ನನ್ನದು ಈಚೆ. ಮೇಲ್ಸೇತುವೆಯ ಮೆಟ್ಟಿಲ ಬಳಿ ಚಪ್ಪಲಿಯೊಳಗಿನ ಸಾಕ್ಸು ಮೇಲೆಳೆದುಕೊಂಡು, "ಬರ್ತೇನೆ ಮೇಡಂ, ಕುಮಟೆಗೆ ಬನ್ನಿ," ಎಂದು ಕೊಡೆ ಊರುತ್ತಾ ಹತ್ತಿದರು. ಅವರನ್ನು ಕೊನೆಯ ಸಲ ನೋಡಿದ್ದು ಆ ಮೆಟ್ಟಿಲುಗಳ ಅರ್ಧದವರೆಗೆ. ಅದರ ಮೇಲೆ ಹೊಗೆ.

ನಾನು ನನ್ನ ಪ್ಲಾಟ್‌ಫಾರ್ಮಿನಲ್ಲಿ ನಿಂತೆ. ಹಳಿಗಳ ಆಚೆ ಏನೂ ಕಾಣಿಸುತ್ತಿರಲಿಲ್ಲ. ಇಳಿದರೋ, ಮೆಟ್ಟಿಲಲ್ಲಿ ಎಡವಿದರೋ, ಈ ವಯಸ್ಸಿನಲ್ಲಿ ಈ ಹೊಗೆಯಲ್ಲಿ ಏನು ಹೇಳುವುದು. ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ನನ್ನ ಕೊಡೆಯ ಹಿಡಿಯಿಂದ ಪಕ್ಕದ ಕಬ್ಬಿಣದ ಕಂಬಕ್ಕೆ ಟಕ್ ಟಕ್ ಟಕ್ ಎಂದು ಬಡಿದೆ.

ಮೊದಲು ಏನೂ ಇಲ್ಲ. ಆಮೇಲೆ ಬಿಳಿಯ ಹೊಗೆಯ ಆಚೆಯಿಂದ ಪೀಂ… ಎಂದು ತೆಳ್ಳಗೆ. ನಾನು ಕಾದೆ.

ಬ್ಹೋ… ಓ… ಓಂ.

ನನ್ನ ಪಕ್ಕದಲ್ಲಿ ನಿಂತಿದ್ದ ಮಲಯ್ ಹುಡುಗಿ ಮಾಸ್ಕು ಕೆಳಗೆ ಮಾಡಿ ಆಚೆ ದಿಟ್ಟಿಸಿದಳು. "ಆಂಟೀ, ವಾಟ್ ಈಸ್ ದಟ್?"

"ನಥಿಂಗ್, ಮೈ ಡಿಯರ್," ಎಂದೆ. "ಅಲ್ಲೊಂದು ದಡ ಇದೆ."